ಆಪಾಗೆ ಹೇಳಬೇಕಾದದ್ದು

೧೨ ನವೆಂಬರ್ ೧೯೫೫, ಸವಣೂರು

ನಿನ್ನೆ ಆಪಾ, ನನ್ನ ಅಕ್ಕ, ಮದುವೆಯಾಗಿ ಅಕ್ಕಿಆಲೂರಿಗೆ ಹೋದಳು. ಮದುವೆ ಬಹಳ ಚೆನ್ನಾಗಿ ಆಯಿತೆಂದು ಬಂದವರೆಲ್ಲ ಎಲೆ ಅಡಿಕೆ ಜಗಿಯುತ್ತ ಹೊಗಳುತ್ತಿದ್ದಾರೆ. ಸುಡುಗಾಡು ಮದುವೆ! ಬುದ್ಧಿ ಬಂದಾಗಿನಿಂದ ನಾವಿಬ್ಬರೂ ಒಂದೇ ಮಂಚದಲ್ಲಿ ಮಲಗಿದವರು. ಅವಳು ಗೋಡೆಯ ಕಡೆ, ನಾನು ಬಾಗಿಲ ಕಡೆ. ಇವತ್ತು ಮಧ್ಯಾಹ್ನ ಅವಳ ಜಾಗದಲ್ಲಿ ಮಲಗಿ ನೋಡಿದೆ. ಗೋಡೆ ತಣ್ಣಗಿತ್ತು, ಅಳು ಬಂತು.

ಹೋಗುವಾಗ ವಾಡಿಕೆಯಂತೆ ಬಾಗಿಲಿನಿಂದ ಗಾಡಿಯವರೆಗೆ ಎರಡೂ ಕಡೆ ಚಾದರ ಹಿಡಿದರು. ನಮ್ಮ ಮನೆಯ ಹೆಣ್ಣುಮಕ್ಕಳು ಹೊರಗೆ ಕಾಲಿಡುವುದೇ ಹಾಗೆ. ಚಾದರಗಳ ನಡುವೆ ನಡೆಯುವುದು, ಪರದೆ ಕಟ್ಟಿದ ಗಾಡಿಯಲ್ಲಿ ಕೂರುವುದು, ಹೋದ ಊರಿನಲ್ಲಿ ಮತ್ತೆ ಚಾದರಗಳ ನಡುವೆ ಇಳಿಯುವುದು. ಸಂಸ್ಥಾನ ಹೋಗಿ ಏಳೆಂಟು ವರ್ಷವಾಯಿತು. ನಮ್ಮದು ನವಾಬರ ಮನೆತನದ ಕಿರಿಯ ಕವಲು. ಈಗ ನವಾಬಿಕೆ ಅಂತ ಉಳಿದಿರುವುದು ಅಬ್ಬಾನ ಶೇರವಾನಿಯ ಗುಂಡಿಗಳಲ್ಲಿ ಮತ್ತು ಈ ಚಾದರಗಳಲ್ಲಿ ಮಾತ್ರ.

ಗಾಡಿ ಹತ್ತುವ ಮೊದಲು ಆಪಾ ನನ್ನ ಕಿವಿಯಲ್ಲಿ ಹೇಳಿದಳು: "ಅಳಬ್ಯಾಡ ಬದ್ರೂ. ಅಲ್ಲೆ ಹಯಾತ ಅದಾನ, ನನ್ನ ಮೈದುನ. ಅವನಿಗೆ ನಿನ್ನ ತರ್ತೇನಿ. ಒಂದ ಮನ್ಯಾಗ ಇರೂಣು, ಸಾಯೂಮಟ."

ಹಯಾತ ಕಪ್ಪೋ ಕೆಂಪೋ ನನಗೆ ಗೊತ್ತಿಲ್ಲ. ಕುಂಟನಾದರೂ ಆದೀತು. ಆಪಾ ಇರುವ ಮನೆಯ ಗಂಡು, ಅಷ್ಟು ಸಾಕು.

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದು ಅಬ್ಬಾಗೆ ಓದಲು ಬಾರದಿರಲಿ ಎಂದು. ಅಮ್ಮಾಜಾನ್ ನನ್ನನ್ನು ಹೆತ್ತು ತೀರಿಕೊಂಡಳು. ಹಾಲು ಕುಡಿಸಿ ಸಾಕಿದವಳು ದುರಗವ್ವ. ಅವಳ ಮಾತೇ ನನ್ನ ಮತ್ತು ಆಪಾಳ ಮಾತಾಯಿತು. ಆಮೇಲೆ ಲಕ್ಷ್ಮಪ್ಪ ಮಾಸ್ತರರು ಪರದೆಯ ಆಚೆ ಕುಳಿತು ಅಕ್ಷರ ಕಲಿಸಿದರು. ಅಬ್ಬಾ ಆಡುವುದು ಉರ್ದು. ಆದರೆ ನಾನು ಬರೆಯುವಾಗ ಅವರೂ ದುರಗವ್ವನ ಹಾಗೆಯೇ ಮಾತಾಡುತ್ತಾರೆ, ಏನು ಮಾಡಲಿ.

೨೦ ನವೆಂಬರ್

ಇವತ್ತೂ ಮರೆತು ಎರಡು ಪಾನ್ ಕಟ್ಟಿದೆ. ಎರಡನ್ನೂ ನಾನೇ ತಿಂದೆ. ಬಾಯಿ ಸುಟ್ಟಿತು.

೯ ಫೆಬ್ರವರಿ ೧೯೫೬

ಗಾಡಿಯ ಎತ್ತು ಸತ್ತಿತು. ಒಂದು ಸತ್ತರೆ ಇನ್ನೊಂದು ಇದ್ದೇನು ಮಾಡುತ್ತದೆ? ಅದನ್ನು ದಸ್ತಗೀರಸಾಬನಿಗೆ ಕೊಟ್ಟುಬಿಟ್ಟರು. ಅವನು ನಮ್ಮ ಗಾಡಿ ಹೊಡೆಯುವವನು. ಇನ್ನು ಮೇಲೆ ನಮ್ಮ ವೀಳ್ಯದೆಲೆ ತೋಟದ ಬುಟ್ಟಿಗಳನ್ನು ಸಂತೆಗಳಿಗೆ ಒಯ್ಯುತ್ತಾನಂತೆ.

ಇದರಿಂದ ಆದದ್ದೇನು ಎಂದರೆ, ಆಪಾ ತವರಿಗೆ ಬರುವ ಹಾಗಿಲ್ಲ. ಅವರ ಮನೆಯ ರೀತಿಯೂ ನಮ್ಮಂತೆಯೇ. ತವರಿನ ಸ್ವಂತ ಗಾಡಿ ಬಂದು ಕರೆಯದ ಹೊರತು ಸೊಸೆ ಹೊಸ್ತಿಲು ದಾಟಬಾರದು. ಬಾಡಿಗೆ ಗಾಡಿ ಮಾಡಿ ಕರೆತನ್ನಿ ಎಂದು ಅಬ್ಬಾನ ಕಾಲು ಹಿಡಿದೆ.

"ನಮ್ಮ ಮನಿ ಹೆಣ್ಣುಮಕ್ಕಳು ಮಂದಿ ಗಾಡ್ಯಾಗ ಕುಂತಿಲ್ಲ" ಎಂದರು.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ದುರಗವ್ವ ಅಡುಗೆಮನೆಯಲ್ಲಿ ಗೊಣಗಿದಳು. ಬೈದೆ ಅವಳಿಗೆ. ಬೈದ ಮೇಲೆ ಅವಳು ಹೇಳಿದ್ದೇ ಸರಿ ಎನಿಸಿತು.

೧೨ ಮೇ

ರಮಜಾನ್ ಹಬ್ಬ. ಶೀರ್‌ಖುರ್ಮಾದಲ್ಲಿ ಆಪಾಗೆ ಬೇಡವಾದ ಖರ್ಜೂರವನ್ನು ಯಾವಾಗಲೂ ನನ್ನ ಬಟ್ಟಲಿಗೆ ಹಾಕುತ್ತಿದ್ದಳು. ಈ ಸಲ ನನಗೂ ಖರ್ಜೂರ ಬೇಡವಾಯಿತು. ಮೂವತ್ತು ಮೈಲು ಕೂಡ ಇಲ್ಲವಂತೆ ಅಕ್ಕಿಆಲೂರು. ಮಕ್ಕಾಕ್ಕೆ ಹೋದವರು ತಿರುಗಿ ಬರುತ್ತಾರೆ.

೨೬ ಆಗಸ್ಟ್

ದಸ್ತಗೀರಸಾಬ ಎಲೆ ಮಾರಿ ಅಕ್ಕಿಆಲೂರಿನಿಂದ ಬಂದವನು ಅಂಗಳದಲ್ಲಿ ನಿಂತು ತಲೆ ತಗ್ಗಿಸಿ ಹೇಳಿದ. ಆಪಾ ಬಸುರಿಯಾಗಿದ್ದಳು, ಬಸಿರು ಇಳಿದುಹೋಯಿತು, ಜ್ವರ ಬಿಟ್ಟಿಲ್ಲ. ಬಸುರಿಯಾದದ್ದೇ ನಮಗೆ ಗೊತ್ತಿರಲಿಲ್ಲ! ಅಬ್ಬಾ ತಸಬಿಯ ಮಣಿ ಎಣಿಸುತ್ತ ಒಳಗೆ ಹೋದರು. ನಾನು ಅವರ ಖೋಲಿಯ ಪರದೆಯ ಹಿಂದೆ ನಿಂತು ಅವರನ್ನು ಕೇಳಿದೆ, ಆಪಾಳನ್ನು ನೋಡಲು ನಾನು ಹೋಗಲಾ ಎಂದು.

"ಹೆಂಗ ಹೋಗ್ತಿ?" ಎಂದರು.

ಅದಕ್ಕೆ ಉತ್ತರ ಇದ್ದದ್ದು ದುರಗವ್ವನ ಹತ್ತಿರ. "ಮುಂಜಾನೆ ಬಸ್ ಐತಿ ತಾಯಿ. ಶಿಗ್ಗಾಂವ್ಯಾಗ ಇಳದು ಇನ್ನೊಂದು ಹತ್ತಿದ್ರ ಆತು. ಸಂಜಿಗೆ ತಿರಗಿ ಮನಿ. ನಿಮ್ಮ ರೇಷ್ಮಿ ಬುರ್ಖಾ ಬ್ಯಾಡ, ಹವೇಲಿಯವರು ಅಂತ ಊರಿಗೆ ಗೊತ್ತಾಕ್ಕೈತಿ. ನನ್ನ ಸೀರಿ ಉಟ್ಟಗೋ."

ಬಸ್ಸು! ಕುರಿ, ಕೋಳಿ, ಕುಂಬಾರರು ಎಲ್ಲ ಕೂಡಿ ಕುಳಿತುಕೊಳ್ಳುವ ಬಸ್ಸು. ಹೋಗುತ್ತೇನೆ.

೩೧ ಆಗಸ್ಟ್

ಹೋಗಿ ಬಂದೆ. ಅಕ್ಷರ ಸೊಟ್ಟಗಾದರೆ ಆಗಲಿ, ಇವತ್ತೇ ಬರೆದುಬಿಡುತ್ತೇನೆ.

ಅಬ್ಬಾ ಬೆಳಿಗ್ಗೆಯೇ ತೋಟಕ್ಕೆ ಹೋಗಿದ್ದರು. ದುರಗವ್ವನ ಇಳಕಲ್ ಸೀರೆಯಲ್ಲಿ ಹಿತ್ತಲ ಬಾಗಿಲಿನಿಂದ ಹೊರಬಿದ್ದೆ. ಬಿಸಿಲು ಹೀಗೆ ಮುಖದ ಮೇಲೆ ನೇರ ಬೀಳುತ್ತದೆಂದು ನನಗೆ ಗೊತ್ತಿರಲಿಲ್ಲ. ಕಾಲು ಎರಡು ಸಲ ಎಡವಿತು. ಬಸ್ಸಿನಲ್ಲಿ ಕಂಡಕ್ಟರ "ಎಲ್ಲಿಗವಾ?" ಎಂದ. ಪರಗಂಡಸು ನನ್ನ ಮುಖ ನೋಡಿ ಕೇಳಿದ ಮೊದಲ ಮಾತು. ಸೆರಗು ಮುಖಕ್ಕೆ ಎಳೆದುಕೊಂಡೆ. ದುರಗವ್ವ ಉತ್ತರ ಕೊಟ್ಟಳು. ಪಕ್ಕದ ಹೆಂಗಸೊಬ್ಬಳು ಕೇಳದೇ ತನ್ನ ಕೂಸನ್ನು ನನ್ನ ತೊಡೆಯ ಮೇಲೆ ಇಟ್ಟು, "ಯಾರ ಪೈಕಿವಾ ನೀ?" ಎಂದಳು. ಏನು ಹೇಳಲಿ?

"ದುರಗವ್ವನ ಮಗಳು" ಎಂದೆ.

ದುರಗವ್ವ ಕಿಟಕಿಯ ಕಡೆ ತಿರುಗಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅದರಲ್ಲಿ ಅಳುವಂಥದ್ದೇನಿತ್ತೋ.

ಶಿಗ್ಗಾಂವಿಯಲ್ಲಿ ಇಳಿಯುವಾಗ ನಾನು ಮೆಟ್ಟಿಲ ಮೇಲೆ ನಿಂತೇ ಇದ್ದೆ. ಹಿಂದಿನವರು ಕೂಗಾಡತೊಡಗಿದರು. "ಯಾಕವಾ, ಆರತಿ ಎತ್ತಬೇಕೇನು?" ಎಂದ ಒಬ್ಬ. ಯಾರಾದರೂ ಚಾದರ ಹಿಡಿಯಲಿ ಎಂದು ಕಾಯುತ್ತ ನಿಂತಿದ್ದೆನೆಂಬುದು ನನಗೇ ಆಮೇಲೆ ತಿಳಿಯಿತು. ನಾಚಿಕೆಯಿಂದ ಜಿಗಿದೆ.

ಅಕ್ಕಿಆಲೂರಿನ ಮನೆಗೂ ಹಿತ್ತಲಿನಿಂದಲೇ ಹೋದೆವು, ಸೊಸೆಯ ತವರಿನ ಆಳುಗಳು ಎಂದು ಹೇಳಿಕೊಂಡು. ಆಪಾ ಮಲಗಿದ್ದಳು. ಮೊದಲು ದುರಗವ್ವನನ್ನು ನೋಡಿದಳು, ಆಮೇಲೆ ನನ್ನನ್ನು. ಎದ್ದು ಕೂರಲಾಗದವಳು ಎದ್ದಳು.

"ಹುಚ್ಚಿ! ಹೆಂಗ ಬಂದಿ?"

"ಬಸ್ಸಿನ್ಯಾಗ."

ಇಬ್ಬರೂ ಅಪ್ಪಿಕೊಂಡು ಅತ್ತೆವು. ಆಮೇಲೆ ಒಂದೇ ಮಂಚದಲ್ಲಿ, ಅವಳು ಗೋಡೆಯ ಕಡೆ, ನಾನು ಬಾಗಿಲ ಕಡೆ. ಕೂಸಿನ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆರತಿ ಎತ್ತುವ ಮಾತು ಹೇಳಿದಾಗ ಅವಳು ನಕ್ಕಳು ನೋಡು, ಆ ನಗೆಯೇ ನಮಗೆ ಮುಳುವಾಯಿತು. ಅವಳ ಅತ್ತೆ ಹಾಜರಾಬಿ ಖಾಲಾ ಬಾಗಿಲಿಗೆ ಬಂದು ನಿಂತರು. ಆಳುಮಗಳ ಜೊತೆ ಸೊಸೆ ಹಾಗೆ ನಗುವುದುಂಟೇ? ಗುರುತು ಹಿಡಿದುಬಿಟ್ಟರು. ಕೂಗಾಡಲಿಲ್ಲ. ಊಟ ಹಾಕಿಸಿದರು, ಪಾನ್ ಕೊಟ್ಟರು. ಹೊರಡುವಾಗ ಮೆತ್ತಗೆ ಹೇಳಿದರು:

"ಅಕ್ಕನ್ನ ನೋಡಾಕ ಬರ್ರಿ ಬೇಟಿ, ಬ್ಯಾಡನ್ನಂಗಿಲ್ಲ. ಆಕಿ ಮಾರಿ ಮ್ಯಾಲ ಇವತ್ತ ಕಳೆ ಕಂಡೇನಿ. ಆದ್ರ ಬಸ್ಸಿನ್ಯಾಗ ಬಂದ ಹುಡುಗಿನ್ನ ಸೊಸಿ ಅಂತ ತರೂದು ನಮ್ಮ ಮನ್ಯಾಗ ಇಲ್ಲ. ಹಯಾತನ ಮಾತು ಮರತಬಿಡ್ರಿ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಒಂದು ದಿನ ಆಪಾಳನ್ನು ನೋಡಲು ಹೋಗಿ, ಜನ್ಮವೆಲ್ಲ ಅವಳ ಜೊತೆ ಇರುವುದನ್ನು ಕಳೆದುಕೊಂಡೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ.

ಇನ್ನೊಂದನ್ನು ಬರೆಯಲೇಬೇಕು. ಸವಣೂರಿನಲ್ಲಿ ಇಳಿದು, ಕಾಲು ನೋಯುತ್ತಿದೆಯೆಂದು ದುರಗವ್ವ ದೊಡ್ಡ ಬೀದಿಯಿಂದಲೇ ಕರೆತಂದಳು. ದಾರಿಯಲ್ಲಿ ಒಂದು ಎತ್ತರದ ಬಾಗಿಲು. ಹಸಿರು ಬಣ್ಣ ಸುಲಿದಿತ್ತು, ಕಮಾನಿನ ಮೇಲೆ ಹುಲ್ಲು ಬೆಳೆದಿತ್ತು, ಯಾರದೋ ಆಡು ಕಟ್ಟಿತ್ತು. ಬಾಗಿಲಲ್ಲಿ ಬಡಕಲು ಮುದುಕರೊಬ್ಬರು ನಿಂತಿದ್ದರು.

"ಯಾರದವಾ ಈ ಪಾಳುಮನಿ?" ಎಂದು ಕೇಳುತ್ತ ನಾನು ದಾಟಿ ಮುಂದೆ ನಡೆದೆ.

ದುರಗವ್ವ ನನ್ನ ರಟ್ಟೆ ಹಿಡಿದಳು. "ಎಲ್ಲಿಗೆ ಹೊಂಟಿ ತಾಯಿ? ಇದ ನಿಮ್ಮ ಮನಿ."

ನಮ್ಮ ಮನೆಯನ್ನು ನಾನು ಹೊರಗಿನಿಂದ ಎಂದೂ ನೋಡಿರಲಿಲ್ಲ. ಅಬ್ಬಾನನ್ನೂ ಬಿಸಿಲಿನಲ್ಲಿ ನೋಡಿರಲಿಲ್ಲ. ನನ್ನ ಮಾತು ಅವರಿಗೆ ಕೇಳಿಸಿತ್ತು. ಬೈಯಲಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

೧೮ ಸೆಪ್ಟೆಂಬರ್

ಅಬ್ಬಾ ಇಷ್ಟು ದಿನ ನನ್ನ ಜೊತೆ ಮಾತಾಡಿರಲಿಲ್ಲ. ಇವತ್ತು ಊಟ ಮಾಡುತ್ತ, ತಟ್ಟೆಯನ್ನೇ ನೋಡುತ್ತ ಕೇಳಿದರು: "ಮುಮ್ತಾಜ ಸೊರಗ್ಯಾಳೇನು?"

ಆಪಾ ಸೊರಗಿದ್ದಾಳೆ ಎಂದೆ. ಕೈ ತೊಳೆದು ಎದ್ದುಹೋದರು. ಸ್ವಲ್ಪ ಹೊತ್ತಿನ ಮೇಲೆ ದುರಗವ್ವನ ಕೈಯಲ್ಲಿ ಎಳೆ ಎಲೆಯ ಒಂದು ಕಟ್ಟು ಕಳಿಸಿದ್ದರು. "ಮುಂದಿನ ಸಂತಿ ದಿನ ಅಕ್ಕಿಆಲೂರಿಗೆ ಹೋದಾಗ ಆಕಿಗೆ ಕೊಡ್ರಿ ಅಂದ್ರು" ಎಂದಳು. ಎಲೆಯ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ.

೨ ನವೆಂಬರ್

ಕನ್ನಡ ನಾಡು ಒಂದಾಯಿತೆಂದು ನಿನ್ನೆ ಊರಲ್ಲಿ ಪಟಾಕಿ ಹಾರಿಸಿದರು. ಎಲ್ಲೆಲ್ಲಿಯವರೋ ಕೂಡಿದರಂತೆ. ಹಿರೇಕೆರೂರಿನ ಕಡೆ ಹಯಾತನಿಗೆ ಹೆಣ್ಣು ನೋಡಲು ಹೋಗಿದ್ದಾರೆ. ಹಾಳಾಗಿ ಹೋಗಲಿ.

೧೪ ಮಾರ್ಚ್ ೧೯೫೭

ಆಪಾಳ ಮೇಲೆ ಸಿಟ್ಟು ಬಂದಿದೆ. ನಾನು ಅಷ್ಟು ದೂರದಿಂದ ಅವಳ ಮುಖ ನೋಡಲು ಹೋಗುತ್ತೇನೆ. ಅವಳಿಗೆ ಬೇಕಾದದ್ದು ಬಸ್ಸಿನ ಸುದ್ದಿ. ಸಾದಾ ಬುರ್ಖಾ ತೆಗೆದು ಇನ್ನೂ ಗೂಟಕ್ಕೆ ಹಾಕಿರುವುದಿಲ್ಲ, ಶುರು.

"ಬಂಕಾಪುರದಾಗ ಯಾರು ಹತ್ತಿದ್ರು? ಹಾನಗಲ್ಲದ ಕೆರಿ ತುಂಬೈತೇನು? ನೀರು ಯಾವ ಬಣ್ಣ?"

"ನೀರಿನ ಬಣ್ಣ, ಆಪಾ. ನಾ ನೋಡಲಿಲ್ಲ."

"ಕಿಟಕಿ ಕಡೆ ಕುಂತು ನೋಡಲಿಲ್ಲಾ?" ಎಂದು ಮುಖ ಸಣ್ಣದು ಮಾಡಿದಳು. ನಾನು ನಿನ್ನ ನೆನಪಿನಲ್ಲಿ ಇರುತ್ತೇನೆ, ಕೆರೆಯ ನೆನಪಿನಲ್ಲಿ ಅಲ್ಲ ಎಂದೆ. ಮುಂದಿನ ಸಲ ನೋಡಿಕೊಂಡು ಹೋಗಬೇಕು, ಕಾಟ ತಪ್ಪುತ್ತದೆ.

೨೫ ಜುಲೈ

ಕೆರೆಯ ನೀರು ಮಳೆಗಾಲದಲ್ಲಿ ಹಾಲು ಹೆಚ್ಚಾದ ಚಹಾದ ಬಣ್ಣ. ದಂಡೆಯಲ್ಲಿ ಎಮ್ಮೆಯ ಮೇಲೆ ಕೊಕ್ಕರೆ ಕುಳಿತಿತ್ತು. ಶಿಗ್ಗಾಂವಿಯ ಬಸ್‌ಸ್ಟ್ಯಾಂಡಿನಲ್ಲಿ ಬಳೆಗಾರನೂ ಅವನ ಹೆಂಡತಿಯೂ ಜಗಳವಾಡುತ್ತಿದ್ದರು. ಅವಳು ಒಂದೊಂದು ಬೈಗುಳಕ್ಕೆ ಒಂದೊಂದು ಬಳೆ ಒಡೆದಳು. ಆಪಾಗೆ ಇಬ್ಬರ ದನಿಯಲ್ಲೂ ಮಾಡಿ ತೋರಿಸಿದೆ. ನಕ್ಕು ನಕ್ಕು ಅವಳ ತಲೆಯ ಮೇಲಿನ ದುಪಟ್ಟಾ ಜಾರಿತು. ಬರುವಾಗ ಮಾತ್ರ ಎಂದಿನಂತೆ ಎದೆ ಭಾರ. ಬಾಗಿಲ ಸಂದಿಯಲ್ಲಿ ಅವಳ ನಾಲ್ಕು ಬೆರಳು ಕಾಣುತ್ತವೆ, ಅಷ್ಟೆ. ದೇವರೇ, ಎಂದಿಗೆ ನಾವು ಒಂದೇ ಮನೆಯಲ್ಲಿ ಇರುವುದು?

೩ ಡಿಸೆಂಬರ್

ದುರಗವ್ವನಿಗೆ ಮೊಣಕಾಲು ನೋವು. ಒಬ್ಬಳೇ ಹೋಗಿಬಂದೆ. ಬೇರೆ ವಿಶೇಷವಿಲ್ಲ. ನನ್ನ ಕಿಟಕಿಯ ಜಾಗದಲ್ಲಿ ಯಾರೋ ಗೌಡರು ಕುಳಿತಿದ್ದರು, ಎಬ್ಬಿಸಿದೆ. ಆಪಾ ನೆನಪಾಗಿ ಸಂಜೆ ಊಟ ಸೇರಲಿಲ್ಲ.

೧೭ ಫೆಬ್ರವರಿ ೧೯೫೮

ಹಾಜರಾಬಿ ಖಾಲಾಗೆ ಕಣ್ಣಿನಲ್ಲಿ ಹುಣ್ಣಾಗಿದೆ. ಹಾನಗಲ್ಲಿಗೆ ಕಣ್ಣಿನ ಡಾಕ್ಟರರು ಬಂದಿದ್ದರು. ಖಾಲಾರ ಗಂಡುಮಕ್ಕಳಿಬ್ಬರೂ ಅಕ್ಕಿ ಗಿರಣಿಯ ಕೆಲಸ ಬಿಟ್ಟು ಬರುವ ಹಾಗಿರಲಿಲ್ಲ, ನಾನು ಜೊತೆಗೆ ಹೋದೆ. ಅವರ ಪರದೆ ಗಾಡಿಯಲ್ಲಿ. ಎಷ್ಟು ಕಾಲದ ಮೇಲೆ ಅಂಥ ಗಾಡಿಯಲ್ಲಿ ಕುಳಿತದ್ದು! ಮೆತ್ತನೆಯ ಗಾದಿ, ಅತ್ತರಿನ ವಾಸನೆ. ಆದರೆ ಯಾಕೋ ಉಸಿರು ಕಟ್ಟಿದಂತಾಯಿತು. ಸೆಕೆ ಇರಬೇಕು. ಎಲ್ಲಿಗೆ ಬಂದೆವೆಂದು ಪರದೆ ಸರಿಸಿ ನೋಡಿದೆ. ಖಾಲಾ ಕೈ ಮೇಲೆ ಚಟ್ಟನೆ ಹೊಡೆದರು.

ಅಲ್ಲಿ ನೂಕುನುಗ್ಗಲು. ಖಾಲಾ ನಡುಗುತ್ತ ಮೂಲೆಯಲ್ಲಿ ನಿಂತರು. ನಾನು ಮುಂದೆ ಹೋಗಿ ಡಾಕ್ಟರರ ಹತ್ತಿರ ಮಾತಾಡಿ, ಅವರನ್ನು ಕೂರಿಸಿ, ಕಣ್ಣಿಗೆ ಔಷಧ ಹಾಕಿಸಿಕೊಂಡು ಬಂದೆ. ಮಾಡಿದ್ದು ಇಷ್ಟೇ. ದಾರಿಯಲ್ಲಿ ಅವರು ನನ್ನ ಕೈ ಬಿಡಲೇ ಇಲ್ಲ.

೯ ಏಪ್ರಿಲ್

ಕೇಳು ಕೇಳು! ಖಾಲಾ ಇವತ್ತು ತಾವಾಗಿ ಮಾತು ಎತ್ತಿದರು. ಹಿರೇಕೆರೂರಿನ ಹೆಣ್ಣು ಕೂಡಿಬರಲಿಲ್ಲವಂತೆ. "ಹಾನಗಲ್ಲದಾಗ ನೀವಿರಲಿಲ್ಲಂದ್ರ ನಾ ಕುರುಡಿ ಆಗಿ ಮೂಲ್ಯಾಗ ಬೀಳ್ತಿದ್ನಿ. ನಿಮ್ಮಂಥ ಧೈರ್ಯದ ಹುಡುಗಿನ ಹಯಾತಗ ಬೇಕು" ಎಂದರು. ಆಮೇಲೆ ನನ್ನ ಗಲ್ಲ ಸವರಿ, "ಒಂದ ಮಾತು. ನಿಕಾ ಆದಮ್ಯಾಲ ಈ ಬಸ್ಸು ಗಿಸ್ಸು ಇಲ್ಲ. ಒಳಗ ಇರಬೇಕು" ಎಂದರು.

ಇಲ್ಲ ಎನ್ನುವವರು ಯಾರು? ನಾನು ಬಸ್ಸು ಹತ್ತಿದ್ದೇ ಈ ಮನೆಯೊಳಗೆ ಬರಲು. ಆಪಾಳ ಖೋಲಿಗೆ ಓಡಿದೆ. ಹೇಳಿದೆ. ಅವಳು ಕುಣಿಯುತ್ತಾಳೆ ಎಂದುಕೊಂಡಿದ್ದೆ. ಆಪಾ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ಹಚ್ಚುತ್ತಲೇ ಇದ್ದಳು.

"ಇವತ್ತ ದಾರ್ಯಾಗ ಏನು ನೋಡ್ದಿ?" ಎಂದಳು.

"ಅದನ್ನ ಬಿಡು ಆಪಾ! ಇನ್ನ ದಾರೀನ ಇಲ್ಲ. ನಾ ಇಲ್ಲೇ ಇರ್ತೇನಿ."

"ಹಂಗಾರ ನನಗ ಯಾರು ಹೇಳ್ತಾರ?"

ನನಗೆ ಅರ್ಥವಾಗಲಿಲ್ಲ. ಅವಳು ಎಲೆ ಕೆಳಗಿಟ್ಟು ನನ್ನ ಎರಡೂ ಕೈ ಹಿಡಿದಳು.

"ಬದ್ರೂ, ಈ ಎರಡೂವರಿ ವರ್ಷದಾಗ ನಾ ಈ ಖೋಲಿ ಬಿಟ್ಟು ಎಲ್ಲೂ ಹೋಗಿಲ್ಲ. ಆದ್ರ ಬಂಕಾಪುರ ನೋಡೇನಿ, ಕೆರಿ ನೋಡೇನಿ, ಆ ಬಳಿಗಾರನ ಹೇಣ್ತಿನ ನೋಡೇನಿ. ನಿನ್ನ ಕಣ್ಣಿಂದ. ನೀನೂ ಒಳಗ ಬಂದು ಕುಂತ್ರ ಇಬ್ರೂ ಕುರುಡರಾಕ್ಕೇವಿ. ಬ್ಯಾಡ. ನೀ ಒಲ್ಲೆ ಅನ್ನು. ನೀ ಅನ್ನದಿದ್ರ ನಾ ಅಂತೇನಿ."

"ಸಾಯೂಮಟ ಒಂದ ಮನಿ ಅಂದಾಕಿ ನೀನ! ನಿನಗ ನಾ ಬ್ಯಾಡಾದ್ನಿ" ಎಂದೆ. ಕೈ ಕಿತ್ತುಕೊಂಡೆ. ಅವಳು ಅಳುತ್ತಲೇ ಹೇಳಿದಳು, "ಬ್ಯಾಡಾಗಿದ್ರ ಬಾ ಅಂತಿದ್ನಿ" ಎಂದು. ಏನು ಮಾತೋ ಇದು. ಖಾಲಾಗೆ ಏನೂ ಹೇಳದೆ ಬಂದುಬಿಟ್ಟೆ.

೧೬ ಏಪ್ರಿಲ್

ವಾರವೆಲ್ಲ ಅತ್ತೆ. ಒಪ್ಪಿಬಿಡುತ್ತೇನೆ ಎಂದುಕೊಂಡೇ ಇವತ್ತು ಹೋದೆ, ಆಪಾ ಏನಾದರೂ ಅಂದುಕೊಳ್ಳಲಿ ಎಂದು. ಖಾಲಾ ಕೇಳಿದರು. ನಾನು ಬಾಯಿ ತೆರೆದೆ. "ಒಲ್ಲೆ ಖಾಲಾ" ಎಂದು ಬಂತು. ಯಾಕೆ ಬಂತೋ ನನಗೇ ಗೊತ್ತಿಲ್ಲ. ಖಾಲಾ ನನ್ನ ಕೈಗೆ ಒಂದು ಪಾನ್ ಇಟ್ಟರು. "ನಸೀಬು. ಅಕ್ಕನ್ನ ನೋಡಾಕ ಬರೂದು ಬಿಡಬ್ಯಾಡ್ರಿ" ಎಂದರು.

ಆಪಾಳ ಜೊತೆ ಒಂದು ಮಾತೂ ಆಡದೆ ಹೊರಟೆ. ಸಿಟ್ಟಿನ ಭರದಲ್ಲಿ ಒಂದು ನಿಶ್ಚಯ ಮಾಡಿದೆ. ದಾರಿಯಲ್ಲಿ ಏನನ್ನೂ ನೋಡಬಾರದು. ಅವಳಿಗೆ ಬೇಕಾದದ್ದು ಸುದ್ದಿ ತಾನೇ? ಕಣ್ಣು ಮುಚ್ಚಿಕೊಂಡೇ ಬರುತ್ತೇನೆ, ಮುಂದಿನ ಸಲ ಕೇಳಿದರೆ ಏನೂ ಇಲ್ಲ ಎನ್ನುತ್ತೇನೆ. ಹಾನಗಲ್ಲು ದಾಟುವಾಗಲೂ ಕಣ್ಣು ತೆರೆಯಲಿಲ್ಲ.

ಬಂಕಾಪುರದ ಹತ್ತಿರ ಯಾರದೋ ಬುಟ್ಟಿಯಿಂದ ಹುಂಜ ತಪ್ಪಿಸಿಕೊಂಡಿತು. ಬಸ್ಸಿನಲ್ಲೆಲ್ಲ ಹಾರಾಡಿತು. ಕಂಡಕ್ಟರನ ಟೋಪಿ ಬಿತ್ತು, ಒಬ್ಬ ಅಜ್ಜನ ತಲೆಯ ಮೇಲೆ ಕುಳಿತು ಅಲ್ಲೇ ಕೂಗಿತು. ಎಲ್ಲರೂ ಹಿಡಿ ಹಿಡಿ ಎನ್ನುವವರೇ, ಹಿಡಿಯುವವರು ಯಾರೂ ಇಲ್ಲ. ನಾನು ಎದ್ದು ಬುರ್ಖಾದ ಅಂಚನ್ನು ಅದರ ಮೇಲೆ ಬೀಸಿ, ಎರಡೂ ಕೈಯಿಂದ ಅವುಚಿ ಹಿಡಿದೆ. ರೆಕ್ಕೆಯ ಕೆಳಗೆ ಅದರ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ. "ಭಲೇ ಬೀಬಿ!" ಎಂದ ಅಜ್ಜ, ಟವೆಲಿನಿಂದ ತಲೆ ಒರೆಸಿಕೊಳ್ಳುತ್ತ.

ಮನೆಗೆ ಬಂದು ಅಬ್ಬಾಗೆ ಹೇಳಿದೆ, ಮುಗುಳ್ನಕ್ಕರು. ದುರಗವ್ವನಿಗೆ ಹೇಳಿದೆ, ಹುಂಜ ಯಾವ ಬಣ್ಣದ್ದು ಎಂದು ಕೂಡ ಕೇಳಲಿಲ್ಲ. ಆಪಾ ಆಗಿದ್ದರೆ ಕೇಳುತ್ತಿದ್ದಳು. ಬಣ್ಣ ಕೇಳುತ್ತಿದ್ದಳು, ಅಜ್ಜನ ಮುಖ ಹೇಗಾಯಿತೆಂದು ಮಾಡಿ ತೋರಿಸು ಎನ್ನುತ್ತಿದ್ದಳು, ಅದರ ಎದೆ ಹೊಡೆದುಕೊಂಡದ್ದನ್ನು ತನ್ನ ಅಂಗೈ ಮೇಲೆ ಬಡಿದು ತೋರಿಸು ಎನ್ನುತ್ತಿದ್ದಳು. ಅಕ್ಕಿಆಲೂರಿನ ಸಂತೆ ಇನ್ನೂ ಎಷ್ಟು ದೂರವಿದೆ. ಅಲ್ಲಿಯವರೆಗೆ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೇಗಿರಲಿ?